ಮಾತು ಅವರದು, ಕೆಮ್ಮು ಇವರದು

ಈಗಷ್ಟೇ ಬೆಳಕು ಹರಿಯುತ್ತಿದೆ. ಡಬ್ಬಿಂಗ್ ಕೋಣೆಯಲ್ಲಿ ಫ್ಯಾನ್ ಹಾಕುವಂತಿಲ್ಲ, ಸದ್ದು ಬರುತ್ತದೆ. ಪರದೆಯ ಮೇಲೆ ಆಸ್ಪತ್ರೆಯ ಮಂಚ, ಮಂಚದಲ್ಲಿ ತುಟಿಯ ಬಣ್ಣವೂ ಅಳಿಸದ ನಾಯಕಿ. ಆಕೆ ಬಾಯಿಗೆ ಕರವಸ್ತ್ರ ಹಿಡಿದಾಗ ಮೈಕಿನ ಮುಂದೆ ನಿಂತ ಕೆಮ್ಮಕ್ಕ ಹೊಟ್ಟೆ ಹಿಡಿದುಕೊಂಡು ಕೆಮ್ಮುತ್ತಾರೆ. ಗಾಜಿನ ಆಚೆಯಿಂದ ನಿರ್ದೇಶಕರ ಅಪ್ಪಣೆ: "ಇನ್ನೊಂದ್ಸಲ ಅಕ್ಕ, ಕರುಳು ಚುರುಕ್ ಅನ್ನೋ ಹಾಗೆ."

ದಿನವೂ ಸಂಜೆ ಬರುವ ಈ ಆಸ್ಪತ್ರೆ ಧಾರಾವಾಹಿಯ ನಾಯಕಿಗೆ ಬಾರದ ಕಾಯಿಲೆಯಿಲ್ಲ. ಮೊದಲು ಶ್ವಾಸಕೋಶ ಎಂದರು, ರಿಪೋರ್ಟ್ ಅದಲುಬದಲಾಗಿ ಹೃದಯದಲ್ಲಿ ತೂತಾಯಿತು, ಈಗ ಮೆದುಳಿನಲ್ಲಿ ಗಡ್ಡೆಯಂತೆ. ಕೆಮ್ಮು ಮಾತ್ರ ಜಪ್ಪಯ್ಯ ಎಂದರೂ ಹೋಗುವುದಿಲ್ಲ. ಕಾಲು ಮುರಿದ ವಾರವೂ ಕೆಮ್ಮಿದ್ದಾಳೆ ಮಹಾತಾಯಿ. ಅವಳ ಮಾತಿಗೆ ದನಿ ಕೊಡುವವರು, ಗಂಟಲು ಹಾಳಾಗುತ್ತದೆ, ಕೆಮ್ಮುವುದಿಲ್ಲ ಎಂದುಬಿಟ್ಟರು. ಗುಂಪಿನ ಗದ್ದಲಕ್ಕೆ ದನಿ ಸೇರಿಸುತ್ತಿದ್ದ ಇವರ ಪಾಲಿಗೆ ಕೆಮ್ಮೂ ಕೆಮ್ಮಕ್ಕ ಎಂಬ ಹೆಸರೂ ಬಂದದ್ದು ಹಾಗೆ.

ಬಿಡುವಿನಲ್ಲಿ, ಅದೇ ಗುಂಪಿನಲ್ಲಿ ದನಿ ಸೇರಿಸುವ ನನ್ನ ಪಕ್ಕ ಕೂತು ಹೇಳುತ್ತಾರೆ: "ಮೂಳೆ ಮುರಿದ್ರೆ ಯಾಕ್ ಸಾರ್ ಕೆಮ್ಬೇಕು ಅಂತ ಕೇಳ್ದೆ. ಕೆಮ್ಮದಿದ್ರೆ ರೋಗಿ ಅಂತ ಗೊತ್ತಾಗೋದು ಹೇಗಮ್ಮ ಅಂದ್ರು. ಸರಿ, ನಂಗೇನು ಅಂತ ಕೆಮ್ಮಿದೆ."

ಈಗ ಅವರಿಗೇ ನಿಜವಾದ ಕೆಮ್ಮು ಅಂಟಿಕೊಂಡಿದೆ. ವಾರಗಳಾದರೂ ಬಿಟ್ಟಿಲ್ಲ. "ಡಾಕ್ಟ್ರು, ಎಲ್ಲಿ ಒಂದ್ಸಲ ಕೆಮ್ಮಿ ಅಂದ್ರು. ಯಾವ್ದು ಸಾರ್, ಟೀಬೀದಾ ಹಾರ್ಟಿಂದಾ ಅಂತ ಬಾಯ್ತಪ್ಪಿ ಕೇಳ್ಬಿಟ್ಟೆ." ಹೇಳಿ ನಗುತ್ತಾರೆ, ನಗು ಮತ್ತೆ ಕೆಮ್ಮಾಗುತ್ತದೆ. ಡಾಕ್ಟರು ನಗಲಿಲ್ಲವಂತೆ. ಎದೆಯ ಎಕ್ಸ್‌ರೇ ಬರೆದುಕೊಟ್ಟು, ನಾಳೆ ಬರುವಾಗ ಮನೆಯವರೊಬ್ಬರನ್ನು ಕರೆತನ್ನಿ ಎಂದಿದ್ದಾರೆ.

ಮನೆಯವರು ನಂಬಿದರೆ ತಾನೆ? ಮಲಗಿದ ಮೇಲೆ ಕೆಮ್ಮಿದರೆ ಗಂಡ "ನಾಳೇದಕ್ಕೆ ಪ್ರಾಕ್ಟೀಸಾ?" ಎಂದು ಮಗ್ಗುಲು ಬದಲಿಸುತ್ತಾರೆ. ಮಗಳು ಪುಸ್ತಕದಿಂದ ತಲೆಯೆತ್ತದೆ "ಅಮ್ಮಾ, ಓದ್ತಾ ಇದೀನಿ, ಆಮೇಲ್ ಮಾಡ್ಕೋ" ಎನ್ನುತ್ತಾಳೆ. ಕೇಳುತ್ತ ನನಗೇ ಮೈಯೆಲ್ಲ ಉರಿಯುತ್ತದೆ. ಇವರಿಗೆ ಸಿಟ್ಟಿಗಿಂತ ಭಯವೇ ಹೆಚ್ಚು.

"ಅಲ್ಲಿ ಏನಾದ್ರೂ ಅಂದ್ಬಿಟ್ರೆ ಒಬ್ಳೇ ಹೇಗೆ ಕೇಳಿಸ್ಕೊಳ್ಲಿ? ಅತ್ತೆಯಾದ್ರೂ ಜೊತೇಲಿ ಬಂದು ಕೂತ್ರೆ ಸಾಕು, ಬೇರೇನೂ ಬೇಡ. ಇವತ್ತು ಕೇಳೇ ಕೇಳ್ತೀನಿ."

ಸಂಜೆ ಅವರ ಮನೆಯಲ್ಲಿ ಅತ್ತೆಯ ಪಕ್ಕ ಕೂತಿದ್ದೇನೆ. ಟೀವಿಯಲ್ಲಿ ನಾಯಕಿ ಕೆಮ್ಮುತ್ತಿದ್ದಾಳೆ. ಅತ್ತೆಯ ಕಣ್ಣು ತುಂಬಿದೆ. "ಪಾಪ, ಆ ಮಗೂನ ಒಳ್ಳೆ ಡಾಕ್ಟ್ರ ಹತ್ರ ಕರ್ಕೊಂಡ್ ಹೋಗೋರು ಒಬ್ರೂ ಇಲ್ವಲ್ಲ," ಎಂದು ನನ್ನ ಕೈ ಹಿಡಿದುಕೊಳ್ಳುತ್ತಾರೆ. ಸೊಸೆ ಅಡುಗೆಮನೆಯ ಬಾಗಿಲಿಗೆ ಬಂದು "ಅತ್ತೆ, ನಾಳೆ..." ಎನ್ನುವಷ್ಟರಲ್ಲಿ ಕೆಮ್ಮು ಒತ್ತರಿಸಿ ಬರುತ್ತದೆ, ನಿಲ್ಲುವುದೇ ಇಲ್ಲ.

ಅತ್ತೆ ಟೀವಿಯ ವಾಲ್ಯೂಮ್ ಹೆಚ್ಚಿಸುತ್ತಾರೆ. "ಸ್ವಲ್ಪ ತಡ್ಕೊಳೇ. ಆ ಹುಡ್ಗಿ ಕೆಮ್ಮೋದು ಕೇಳಿಸ್ತಿಲ್ಲ."