ಹಳದಿ ದಾರದ ರಿಪೇರಿ ಅಕ್ಕ

ಬೆಳಗಿನ ಐದೂವರೆ. ನಾಲ್ಕು ಮಹಡಿಯ ಹಳೆಯ ವಸತಿ ಕಟ್ಟಡದ ಅಡಿಯಲ್ಲಿ ನೀರಿನ ಪಂಪು ಗೊರಗೊರ ಸದ್ದು ಮಾಡುತ್ತಿದೆ. ರಿಪೇರಿ ಅಕ್ಕ ಪೈಪಿನ ಮೇಲೆ ಅಂಗೈ ಇಟ್ಟು, ನೀರು ಮೇಲೇರುತ್ತಿದೆ ಎಂದು ಖಾತ್ರಿಯಾದ ಮೇಲೆ ವಾಲ್ವ್ ತಿರುಗಿಸುತ್ತಾರೆ. ವಾಲ್ವಿನ ಚಕ್ರ ಮುರಿದು ಹನ್ನೊಂದು ವರ್ಷವಾಯಿತು. ಅದರ ಜಾಗದಲ್ಲಿರುವುದು ಕುಕ್ಕರಿನ ಹಿಡಿ.

"ಹೊಸದು ಬರೋವರೆಗೆ ಇರ್ಲಿ ಅಂತ ಹಾಕಿದ್ದು. ಹೊಸದೂ ಬಂತು. ಎಂಟೇ ತಿಂಗಳಿಗೆ ಮುರೀತು. ಮತ್ತೆ ಇದನ್ನೇ ಹಾಕ್ದೆ," ಎಂದು ಅಕ್ಕ ನಗುತ್ತಾರೆ. ಅವರ ಬಗ್ಗೆ ಬರೆಯಲು ಬಂದ ನಾನೂ ನಗುತ್ತೇನೆ. ನಮ್ಮ ಮನೆಯ ಬೀರುವಿನ ಬಾಗಿಲಿಗೆ ಪೇಪರ್ ಮಡಚಿ ಸಿಕ್ಕಿಸಿ ಆರು ವರ್ಷವಾಗಿದೆ, ನಾನು ಯಾವ ಬಾಯಲ್ಲಿ ಮಾತಾಡಲಿ?

ಕುಕ್ಕರಿನ ಹಿಡಿಗೊಂದು ಹಳದಿ ದಾರ ಕಟ್ಟಿದೆ. ಈ ಕಟ್ಟಡದಲ್ಲಿ ಹಳದಿ ದಾರ ಕಂಡರೆ ಯಾರೂ ಕೈ ಹಚ್ಚುವುದಿಲ್ಲ. ಇದಕ್ಕೆ ಕಾರಣ ಮೂರನೇ ಮಹಡಿಯ ನಿವೃತ್ತ ಮೇಷ್ಟ್ರು. ಅವರ ಬಚ್ಚಲುಮನೆ ಬಾಗಿಲಿನ ಒಳಗಿನ ಹಿಡಿ ಕಿತ್ತುಹೋದಾಗ ಅಕ್ಕ ಅಲ್ಲೊಂದು ಚಮಚ ಸಿಕ್ಕಿಸಿದ್ದರು. ಊರಿಂದ ಬಂದ ಮೇಷ್ಟ್ರ ನಾದಿನಿ, "ಚಮಚ ಇಡೋ ಜಾಗನಾ ಇದು?" ಎಂದು ಅದನ್ನು ಕಿತ್ತು, ತೊಳೆದು, ಅಡುಗೆಮನೆಯಲ್ಲಿಟ್ಟರು. ಆಮೇಲೆ ಒಳಹೊಕ್ಕ ಮೇಷ್ಟ್ರು ಬಾಗಿಲು ಎಳೆದುಕೊಂಡರು. ಹೊರಬಂದದ್ದು ಒಂದೂವರೆ ಗಂಟೆಯ ನಂತರ.

"ಮಗ್ಗಿ ಹೇಳ್ತಾ ಕೂತೆ. ಬಾಗಿಲು ತೆಗೆಯೋ ಹೊತ್ತಿಗೆ ಹತ್ತೊಂಬತ್ತರ ಮಗ್ಗಿಗೆ ಬಂದಿದ್ದೆ," ಎನ್ನುತ್ತಾರೆ ಮೇಷ್ಟ್ರು. ಅಂದೇ ಅಕ್ಕ ಒಂದು ಉಂಡೆ ಹಳದಿ ದಾರ ತಂದು ತಮ್ಮ ತೇಪೆಗಳಿಗೆಲ್ಲ ಕಟ್ಟಿದರು. ಚಮಚ ಇವತ್ತಿಗೂ ಅಲ್ಲೇ ಇದೆ.

ಈಗ ಐವತ್ತಾರರ ಅಕ್ಕ ವರ್ಷಗಳ ಹಿಂದೆ ಇಲ್ಲಿಗೆ ಬಂದದ್ದು ಮೆಟ್ಟಿಲು ಒರೆಸಲು. ಗಂಡ ತೀರಿಕೊಂಡಿದ್ದರು, ಇಬ್ಬರು ಹೆಣ್ಣುಮಕ್ಕಳು ಚಿಕ್ಕವರು. ಒಂದು ದಿನ ತಮ್ಮ ಕೋಣೆಯ ಪೈಪು ಒಡೆದು ಹಾಸಿಗೆ ನೆನೆಯಿತು. ಪ್ಲಂಬರ್ ಬರಲಿಲ್ಲ. ಅಕ್ಕ ಸೈಕಲ್ ಟ್ಯೂಬು ಕತ್ತರಿಸಿ ಬಿಗಿದು ಸುತ್ತಿದರು. "ನನ್ನ ಮೊದಲ ಗಿರಾಕಿ ನಾನೇ ಕಣ್ರೀ." ಈಗ ಮೂವತ್ತೆರಡು ಮನೆ, ನೂರ ನಲವತ್ತು ಹಳದಿ ದಾರ. ದಿನಕ್ಕೆ ಹತ್ತಿಳಿಯುವ ಮೆಟ್ಟಿಲು ಸಾವಿರದ ಹತ್ತಿರ.

ಇವತ್ತು ಮಾತ್ರ ಅಕ್ಕನ ನಗು ಆಗಾಗ ನಿಲ್ಲುತ್ತದೆ. ಕಟ್ಟಡದ ಹೊಸ ಸಮಿತಿಗೆ ಈ ತೇಪೆಗಳ ಬಗ್ಗೆ ಅನುಮಾನ. ಒಂಬತ್ತಕ್ಕೆ ಎಂಜಿನಿಯರ್ ಬಂದು ನೋಡುತ್ತಾರೆ. ಅಪಾಯ ಎಂದು ಬರೆದರೆ ಕೆಲಸ ಯಾವುದೋ ಕಂಪನಿಗೆ ಹೋಗುತ್ತದೆ. "ಭಯ ಆಗ್ತಿದೆ. ಸುಳ್ಳು ಯಾಕೆ ಹೇಳ್ಲಿ?" ಎನ್ನುತ್ತಾರೆ.

ಬಂದ ಎಂಜಿನಿಯರ್ ಮಿತಭಾಷಿ. ಒಂದೊಂದನ್ನೂ ಎಳೆದು, ಅಲುಗಾಡಿಸಿ, ಏನೋ ಗೀಚಿಕೊಂಡು ಮುಂದೆ ಹೋಗುತ್ತಾರೆ. ಕೊನೆಗೆ ತಾರಸಿ. ಹಿಂದೆಯೇ ಸಮಿತಿಯ ಅಧ್ಯಕ್ಷೆ, ಮೇಷ್ಟ್ರು, ನಾನು. ಅಂಚಿನ ಕಂಬಿಗೆ ಹಳೆಯ ಮಂಚದ ಕಾಲೊಂದನ್ನು ಆಸರೆಯಾಗಿ ಬಿಗಿದಿದೆ. ಎಂಜಿನಿಯರ್ ಅಲುಗಾಡಿಸಿದರು, ಅದು ಜಪ್ಪಯ್ಯ ಅನ್ನಲಿಲ್ಲ. ಸರಿ ಎಂದು ತಲೆಯಾಡಿಸಿ ಹೊರಟರು.

"ಸಾರ್, ಅದನ್ನ ಪಾಸ್ ಮಾಡ್ಬೇಡಿ," ಎಂದರು ಅಕ್ಕ. "ಬುಡದಲ್ಲಿ ಗಾರೆ ಒಳಗೊಳಗೇ ಸಡಿಲ ಆಗಿದೆ. ನನ್ ಕೈಲಿ ಆಗೋದಲ್ಲ ಅದು. ಹಳೇ ಸಮಿತಿಗೆ ಮೂರು ಸಲ ಹೇಳಿದ್ದೆ."

ಗೆದ್ದ ಆಟವನ್ನು ಈ ಹೆಂಗಸು ಕೈಯಾರೆ ಕೆಡಿಸಿಕೊಂಡರಲ್ಲ ಎಂದು ನನಗನ್ನಿಸಿತು. ಎಂಜಿನಿಯರ್ ಮಂಡಿಯೂರಿ ಸುತ್ತಿಗೆಯಿಂದ ತಟ್ಟಿದರು. ಗಾರೆ ಪುಡಿಪುಡಿಯಾಗಿ ಉದುರಿತು.

"ಇದೊಂದನ್ನ ಕಿತ್ತು ಹೊಸದಾಗಿ ಹಾಕಿಸಿ," ಎಂದು ಸಮಿತಿಯ ಅಧ್ಯಕ್ಷೆಗೆ ಹೇಳಿದರು. "ಮಿಕ್ಕಿದ್ದೆಲ್ಲ ಹಾಗೇ ಇರ್ಲಿ. ಇವರನ್ನಂತೂ ಬಿಡ್ಲೇಬೇಡಿ."

ಮೇಷ್ಟ್ರು ಶಿಳ್ಳೆ ಹೊಡೆದರು, ಎಪ್ಪತ್ತೆರಡರ ವಯಸ್ಸಿನಲ್ಲಿ. ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡರು. ಅನುಮಾನಪಟ್ಟದ್ದಕ್ಕೆ ಅಧ್ಯಕ್ಷೆಗೂ ನಾಚಿಕೆಯಾಗಿರಬೇಕು, "ಅಕ್ಕಾ, ನಿಮಗೇನು ಬೇಕು ಕೇಳಿ," ಎಂದರು.

ಅಕ್ಕ ಕೇಳಿದ್ದು ಇಷ್ಟೇ:

"ಹೊಸ ಕಂಬಿ ಹಾಕ್ತೀರಲ್ಲ, ಮೊದಲನೇ ಬೋಲ್ಟು ನನ್ ಕೈಯಲ್ಲಿ ಹಾಕ್ಸಿ. ಯಾವಾಗ್ಲೂ ಮುರಿದ ಮೇಲೇ ಬರ್ತೀನಿ. ಒಂದ್ಸಲನಾದ್ರೂ ಅದು ಮುರಿಯೋಕೆ ಮುಂಚೆ ನಾನು ಬರ್ಬೇಕು."