ನಿಂತ ಅಕ್ಷರ, ಓಡುವ ಬಸ್ಸು

ನೀಲಾಂಬಿಕೆ ಅವರಿಗೆ ಅಂಗಡಿಯಿಲ್ಲ. ಬೆಳಿಗ್ಗೆ ಐದೂವರೆಗೆ ಕೊಪ್ಪ ಬಸ್ ನಿಲ್ದಾಣಕ್ಕೆ ಬಂದು, ನಿಂತಿರುವ ಬಸ್ಸು ಹತ್ತಿ, ಡ್ರೈವರ್ ಪಕ್ಕದ ಎಂಜಿನ್ ಮುಚ್ಚಳದ ಮೇಲೆ ಗೋಣಿಚೀಲ ಹಾಸಿ ಲ್ಯಾಪ್‌ಟಾಪ್ ಇಡುತ್ತಾರೆ. ತಲೆಯ ಮೇಲಿನ ಎಲ್‌ಇಡಿ ಬೋರ್ಡಿಗೆ ವೈರು ಸಿಕ್ಕಿಸಿ, ಪರದೆಯ ಚೌಕಗಳನ್ನು ಒಂದೊಂದಾಗಿ ಒತ್ತುತ್ತಾರೆ. ಒತ್ತಿದ ಪ್ರತಿ ಚೌಕವೂ ಬೋರ್ಡಿನಲ್ಲಿ ಒಂದು ಕೆಂಪು ಚುಕ್ಕಿ.

"ಎಂತ ಮಾರಾಯ್ತಿ, ಇನ್ನೂ ಆಗ್ಲಿಲ್ವ?" ಡ್ರೈವರ್ ರೇಣುಕಪ್ಪ ಸ್ಟೇರಿಂಗ್ ಮೇಲೆ ತಾಳ ಹಾಕುತ್ತಾರೆ.

"ಬಸ್ಸು ಎಲ್ಲಿಗೆ ಹೋಗ್ತದೆ ಅಂತ ಜನಕ್ಕೆ ಗೊತ್ತಾಗೋದು ಬೇಡ್ವ ರೇಣುಕಣ್ಣ?"

"ನಂಗೆ ಗೊತ್ತುಂಟಲ್ಲ, ಸಾಕು!"

ನೀಲಾಂಬಿಕೆಗೆ ಈಗ ಮೂವತ್ತಾರು. ಅಮ್ಮ ಕಡಹಿನಬೈಲಿನಲ್ಲಿ ಕೂಲಿಗೆ ಹೋಗಿ ಇವರನ್ನು ಐಟಿಐ ಓದಿಸಿದರು. ನರಸಿಂಹರಾಜಪುರದ ಟಿವಿ ರಿಪೇರಿ ಅಂಗಡಿಯಲ್ಲಿ ಕೆಲಸ ಸಿಕ್ಕಿತು. ಜನ ಟಿವಿ ರಿಪೇರಿ ಮಾಡಿಸುವುದನ್ನೇ ಬಿಟ್ಟಾಗ ಆ ಅಂಗಡಿ ಮುಚ್ಚಿತು. ಅದೇ ಹೊತ್ತಿಗೆ ಖಾಸಗಿ ಬಸ್ಸುಗಳಿಗೆ ಬಣ್ಣದ ಬೋರ್ಡು ಹೋಗಿ ಬೆಳಕಿನ ಬೋರ್ಡು ಬಂತು. ಅದರ ಜೊತೆ ಬಂದ ಕನ್ನಡ ಅಕ್ಷರ ನೂಲಿನಷ್ಟು ತೆಳು. ಚುಕ್ಕಿಗಳ ಸಾಲು ಇರುವುದೇ ಹದಿನಾರು. ಅಷ್ಟರಲ್ಲಿ ಕೊಪ್ಪದ, ಕಿಗ್ಗದ ಒತ್ತಕ್ಷರಗಳಿಗೆ ಜಾಗವೇ ಇರಲಿಲ್ಲ. ಮಂಜಿನಲ್ಲಿ ಅಕ್ಷರವೆಲ್ಲ ಒಂದು ಕೆಂಪು ಗೀರಾಗಿ ಕಾಣುತ್ತಿತ್ತು.

ನೀಲಾಂಬಿಕೆ ಹೊಸ ಅಕ್ಷರ ಕಟ್ಟಿದರು. ಪ್ರತಿ ಗೆರೆಗೂ ಎರಡು ಚುಕ್ಕಿಯ ದಪ್ಪ. ಮೇಲಿನ ಅಕ್ಷರವನ್ನು ಕುಳ್ಳಗೆ ಮಾಡಿ, ಕೆಳಗೆ ಒತ್ತಿಗೆ ಜಾಗ ಬಿಟ್ಟರು. ಕನ್ನಡದ ದುಂಡು ಈ ಚೌಕಗಳಲ್ಲಿ ಮೆಟ್ಟಿಲು ಮೆಟ್ಟಿಲಾಯಿತು. ಹಳೆಯ ವಿಡಿಯೊ ಗೇಮಿನಲ್ಲಿ ಅಂಕ ತೋರಿಸುತ್ತಿದ್ದ ಅಕ್ಷರಗಳದ್ದೇ ಜಾತಿ. ಕಂಡಕ್ಟರುಗಳು "ಇಟ್ಟಿಗೆ ಅಕ್ಷರ" ಎಂದು ನಕ್ಕರು.

"ನಗ್ಲಿ. ಇದೇನು ಮದುವೆ ಕಾಗದನಾ, ಬಳ್ಳಿ ಬಿಡ್ಸೋಕೆ?" ಎನ್ನುತ್ತಾರೆ ನೀಲಾಂಬಿಕೆ. "ದೂರದಿಂದ ಕಾಣ್ಬೇಕು. ಕಂಡ್ರೆ ಅದೇ ಚಂದ."

ಇಟ್ಟಿಗೆ ಅಕ್ಷರ ಹಬ್ಬಿತು. ಕ್ಲಿನಿಕ್ಕಿನ ಟೋಕನ್ ಬೋರ್ಡಿಗೆ, ವಾಲಿಬಾಲ್ ಪಂದ್ಯದ ಸ್ಕೋರಿಗೆ, ಅಡಿಕೆ ಮಂಡಿಯ ದರದ ಫಲಕಕ್ಕೆ ಅವರನ್ನೇ ಕರೆಯುತ್ತಾರೆ. ಆದರೆ ಅವರು ಜಗಳವಾಡಿದ್ದು ಬಸ್ಸಿನ ಬೋರ್ಡಿಗಾಗಿ ಮಾತ್ರ.

ಜಗಳ ಶುರುವಾದದ್ದು ಕಮಲಕ್ಕನಿಂದ. ಶೃಂಗೇರಿ ದಾಟಿದ ಮೇಲಿನ ತಿರುವಿನಲ್ಲಿ ಅವರು ದಿನಾ ಕಿಗ್ಗದ ಬಸ್ಸು ಕಾಯುತ್ತಾರೆ. ತೋಟದ ಕೆಲಸ, ತಡವಾದರೆ ವಾಪಸ್ಸು. ಅಲ್ಲಿ ಒಂದರ ಹಿಂದೆ ಒಂದು ಎರಡು ಬಸ್ಸು ಬರುತ್ತವೆ. ಕಿಗ್ಗಕ್ಕೆ ಹೋಗುವುದು ಒಂದೇ. ತಿರುವಿನಲ್ಲಿ ಬಸ್ಸು ಕಂಡು ಮಾಯವಾಗುವುದರೊಳಗೆ ಕೈ ಎತ್ತಬೇಕು. ಕಮಲಕ್ಕ ಶಾಲೆಗೆ ಹೋದವರಲ್ಲ. ಊರಿನ ಹೆಸರಿನ ಆಕಾರ ನೋಡಿ ಕೈ ಎತ್ತುತ್ತಾರೆ. "ಎರಡೇ ದಪ್ಪ ಗಂಟು ಕಂಡ್ರೆ ಕಿಗ್ಗ. ಉದ್ದಕ್ಕಿದ್ರೆ ಬೇರೆದು. ಅದಕ್ಕೆಂತ ಓದ್ಬೇಕು?"

ಈ ವರ್ಷ ಬಸ್ ಮಾಲೀಕ ಯಜ್ಞೇಶ ಕಿಗ್ಗದ ಬಸ್ಸಿನ ಬೋರ್ಡಿನಲ್ಲಿ ಚಿನ್ನದಂಗಡಿಯ ಜಾಹೀರಾತು ಓಡಿಸಿದರು. ಸರದ ಚಿತ್ರ, ಅಂಗಡಿಯ ಹೆಸರು, ಫೋನ್ ನಂಬರು. ಅದೆಲ್ಲ ಹೋದ ಮೇಲೆ ಮತ್ತೆ ಆ ಹಳೆಯ ತೆಳ್ಳಗಿನ ಕಿಗ್ಗ. ಬಲದಿಂದ ಬಂದು ಎಡಕ್ಕೆ ಓಡಿಹೋಗುವ ಕಿಗ್ಗ. ಕಮಲಕ್ಕನ ಕಣ್ಣಿಗೆ ಅದು ಬೀಳುವ ಮೊದಲೇ ಬಸ್ಸು ದಾಟಿತ್ತು. ಆ ದಿನದ ಕೂಲಿ ಹೋಯಿತು. ಅವರು ಫೋನ್ ಮಾಡಿ ಬೈದದ್ದು ನೀಲಾಂಬಿಕೆಗೆ.

"ನಿನ್ನ ಬಸ್ಸು ಚಿನ್ನ ಮಾರ್ಲಿಕ್ಕೆ ಹೋಯ್ತು ಕಣೆ. ನನ್ನನ್ನ ಯಾರು ಹತ್ತಿಸ್ಕೊಳ್ತಾರೆ?"

ಮರುದಿನ ಬೆಳಿಗ್ಗೆ ನೀಲಾಂಬಿಕೆ ಯಾರನ್ನೂ ಕೇಳದೆ ಆ ಬಸ್ಸು ಹತ್ತಿದರು. ಜಾಹೀರಾತು ತೆಗೆದು ತಮ್ಮ ಅಕ್ಷರ ನಿಲ್ಲಿಸಿದರು. ರೇಣುಕಪ್ಪ ನೋಡಿಯೂ ನೋಡದವರಂತೆ ಚಹಾಕ್ಕೆ ಹೋದರು. ಮಧ್ಯಾಹ್ನ ಯಜ್ಞೇಶರ ಫೋನು ಬಂತು.

"ಯಾರನ್ನ ಕೇಳಿ ಬದಲು ಮಾಡ್ದೆ?"

"ಬಸ್ಸಿಗೆ ಕೈ ಅಡ್ಡ ಹಾಕೋರನ್ನ ಕೇಳಿ."

"ಬಸ್ಸು ನಂದು ಮಾರಾಯ್ತಿ!"

"ಬಸ್ಸು ನಿಮ್ದೇ. ಓಡ್ಲಿ. ಊರಿನ ಹೆಸರು ನಿಂತಿರ್ಲಿ. ಜಾಹೀರಾತು ಬೇಕಿದ್ರೆ ಹಿಂದಿನ ಗಾಜಿಗೆ ಹಾಕಿ, ಬಸ್ಸು ತಪ್ಪಿದವ್ರು ಓದ್ಕೊಳ್ತಾರೆ."

ಯಜ್ಞೇಶ ತಮ್ಮ ಲೆಕ್ಕವನ್ನು ಮುಚ್ಚಿಡುವುದಿಲ್ಲ. "ಡೀಸೆಲ್ ದರ ಏರಿದೆ. ಜಾಹೀರಾತಿಲ್ಲದಿದ್ರೆ ಆ ರೂಟು ಗಿಟ್ಟೋದಿಲ್ಲ. ರೂಟೇ ನಿಂತ್ರೆ ಕಮಲಕ್ಕ ಯಾವ ಅಕ್ಷರ ನೋಡ್ತಾರೆ?" ಎಂದು ಇದನ್ನು ಬರೆಯಲು ಹೋದ ನನ್ನನ್ನೇ ಕೇಳುತ್ತಾರೆ. ಈ ಪ್ರಶ್ನೆಯಲ್ಲಿ ಹುರುಳಿಲ್ಲ ಎನ್ನಲಾರೆ. ಅವರೀಗ ತಮ್ಮ ಎಲ್ಲ ಬೋರ್ಡುಗಳಿಗೂ ಪಾಸ್‌ವರ್ಡ್ ಹಾಕಿಸಿದ್ದಾರೆ, ಕೆಲಸವನ್ನು ಬೇರೆಯವರಿಗೆ ಕೊಟ್ಟಿದ್ದಾರೆ. ಕಮಲಕ್ಕ ಬಂದ ಬಸ್ಸಿಗೆಲ್ಲ ಕೈ ಎತ್ತುತ್ತಾರೆ. "ನಿಲ್ಲಿಸಿ ಬೈತಾರೆ. ಬೈಲಿ. ನಿಲ್ಲಿಸಿದ್ರಲ್ಲ!"

ಯಜ್ಞೇಶ ಮತ್ತೆ ಕರೆದರೆ ಹೋಗುತ್ತೀರಾ ಎಂದು ನೀಲಾಂಬಿಕೆಯನ್ನು ಕೇಳುತ್ತೇನೆ. ಅವರು ವೈರು ಸುತ್ತುತ್ತಲೇ ಉತ್ತರ ಕೊಡುತ್ತಾರೆ: "ಹೋಗ್ತೇನೆ. ಅಕ್ಷರ ನಿಲ್ಲಿಸ್ಲಿಕ್ಕಾದ್ರೆ ಮಾತ್ರ. ಓಡಿಸ್ಲಿಕ್ಕೆ ನನ್ನ ಕರೀಬೇಡಿ."

ಅವರ ಕೈಯಲ್ಲಿ ಹತ್ತೊಂಬತ್ತು ಬಸ್ಸುಗಳಿದ್ದವು. ಯಜ್ಞೇಶರ ಏಳು ಹೋಗಿವೆ. ಕಿಗ್ಗದ ಬಸ್ಸು ಆ ಏಳರಲ್ಲಿ ಒಂದು.