ಐಸ್ ಫ್ಯಾಕ್ಟರಿಯ ಕಂಪ್ಯೂಟರ್ ನನ್ನ ಮಾತು ಕೇಳದ ದಿನ

2006ರ ಮಳೆಗಾಲ ಮುಗಿದು ಬೋಟುಗಳು ಮತ್ತೆ ಕಡಲಿಗೆ ಇಳಿದಿದ್ದ ಸಮಯ. ಬೇಲೆಕೇರಿ ಹತ್ತಿರದ ಒಂದು ಐಸ್ ಫ್ಯಾಕ್ಟರಿಯಲ್ಲಿ ನಾನು ಮಶಿನ್ ನಡೆಸುತ್ತಿದ್ದೆ. ಎಸ್ಸೆಸ್ಸೆಲ್ಸಿ ಮುಗಿಸಿ ಭಾವಿಕೇರಿಯಿಂದ ಸೈಕಲ್ ಹೊಡೆಯುತ್ತ ಹೋಗಿ ಸೇರಿದವನು, ಅಲ್ಲಿಯೇ ತಲೆ ಬೆಳ್ಳಗಾಗಿತ್ತು. ಅಮೋನಿಯಾ ಅನಿಲವನ್ನು ಒತ್ತಿ, ಪೈಪುಗಳ ಮೇಲೆ ನೀರು ಸುರಿಸಿ ತಣಿಸಿ, ಅದರಿಂದ ಐಸ್ ಕಟ್ಟಿಸುವ ಕೆಲಸ. ಅನಿಲದ ಒತ್ತಡ ಮಿತಿ ಮೀರಿದರೆ ಮಶಿನ್ ತಾನಾಗಿ ನಿಲ್ಲಲಿಕ್ಕೆ ಒಂದು ಸ್ವಿಚ್ ಇತ್ತು. ಸೀಸನ್ನಿನಲ್ಲಿ ಅದು ನಿಲ್ಲಬಾರದೆಂದು ನಾವು ಆ ಸ್ವಿಚ್ಚಿಗೆ ಬಿದಿರಿನ ಚಕ್ಕೆ ಸಿಕ್ಕಿಸಿಡುತ್ತಿದ್ದೆವು. ನನಗೆ ಕೆಲಸ ಕಲಿಸಿದವರೂ ಹಾಗೇ ಮಾಡುತ್ತಿದ್ದರು.

ಆ ವರ್ಷ ಮಾಲಕರು ಆ ಸ್ವಿಚ್ ತೆಗೆಸಿ ಕಂಪ್ಯೂಟರ್ ಕೂಡ್ರಿಸಿದರು. ಅದರ ಪ್ರೋಗ್ರಾಂ ಬರೆದವರು ಕಾರವಾರದ ಕಾಲೇಜೊಂದರಲ್ಲಿ ಕಲಿಸುತ್ತಿದ್ದ ಸ್ಮಿತಾ ಅಕ್ಕೋರು. ಕೂಡ್ರಿಸಿದ ದಿನ ನನ್ನನ್ನು ಪಕ್ಕಕ್ಕೆ ಕರೆದು ತಿಳಿಸಿ ಹೇಳಿದ್ದರು.

“ಹಮ್ಮಣ್ಣಾ, ಇದು ಏಡಾ ಅನ್ನೋ ಭಾಷೆಯಲ್ಲಿ ಬರ್ದದ್ದು. ವಿಮಾನ, ರೈಲು, ಹೀಂಗೆ ಜೀವದ ಪ್ರಶ್ನೆ ಇದ್ದಲ್ಲಿ ಬಳಸ್ತಾರೆ. ಇದ್ರಲ್ಲಿ ಒತ್ತಡ ಬೇರೆ, ಉಷ್ಣ ಬೇರೆ. ಎರಡೂ ಬರೀ ಅಂಕಿ ಅಂದ್ಕಂಡು ನಾನು ಒಂದ್ರ ಜಾಗಕ್ಕೆ ಇನ್ನೊಂದು ಬರ್ದ್ರೆ ಪ್ರೋಗ್ರಾಂ ತಯಾರೇ ಆಗೂದಿಲ್ಲ. ಒತ್ತಡ ಎಲ್ಲಿಂದ ಎಲ್ಲಿವರೆಗೆ ಇರ್ಬಹುದು ಅಂತಾನೂ ಮೊದ್ಲೇ ಹೇಳಿಟ್ಟಿದ್ದೆ. ಅದಕ್ಕಿಂತ ಮೇಲೆ ಹೋದ್ರೂ ಮಶಿನ್ ನಿಲ್ಸಿಬಿಡ್ತದೆ, ಕೆಳಗೆ ಇಳಿದ್ರೂ ನಿಲ್ಸಿಬಿಡ್ತದೆ.”

“ಬಂಗಡೆ ಮೀನು ಹಾರೂದಿಲ್ಲಲ್ರಾ ಅಕ್ಕೋರೇ! ಅದ್ಕೆ ವಿಮಾನದ ಭಾಷೆ ಎಂತಕ್ಕೆ?” ಎಂದೆ. ಅವರೂ ನಕ್ಕರು.

ಸ್ವಲ್ಪ ದಿನಕ್ಕೆ ಬೋಟುಗಳಿಗೆ ರಾಶಿ ಬಂಗಡೆ ಬಿತ್ತು. ಮಧ್ಯಾಹ್ನದ ಬಿಸಿಲು. ಮೀನು ಮಾರುವ ಹೆಂಗಸರು ಐಸಿಗಾಗಿ ಕಾಯುತ್ತ, ಫ್ಯಾಕ್ಟರಿ ಹಿಂದೆ ಅಮೋನಿಯಾ ಪೈಪುಗಳ ಕೆಳಗಿನ ನೆರಳಿನಲ್ಲಿ ಬುಟ್ಟಿ ಇಟ್ಟು ಕೂತಿದ್ದರು. ಇತ್ತ ಮಶಿನ್ ಮತ್ತೆ ಮತ್ತೆ ನಿಲ್ಲತೊಡಗಿತು. ಪರದೆಯ ಮೇಲೆ ಒಂದೇ ಮಾತು, ಒತ್ತಡ ಹೆಚ್ಚಾಗಿದೆ. ಮಿತಿಯನ್ನೇ ಏರಿಸೋಣವೆಂದು ದೊಡ್ಡ ಅಂಕಿ ಒತ್ತಿದೆ. ಅದು ತೆಗೆದುಕೊಳ್ಳಲಿಲ್ಲ.

ಅವರಲ್ಲೊಬ್ಬಳು, ನಮ್ಮ ಭಾವಿಕೇರಿಗೂ ಮೀನು ತರುವ ನಾಗಕ್ಕ, ಬಾಗಿಲಿಗೆ ಬಂದು ಸೊಂಟದ ಮೇಲೆ ಕೈಯಿಟ್ಟಳು. “ಏನಾ ಹಮ್ಮಣ್ಣಾ, ಐಸ್ ಕೊಡ್ತ್ಯೋ, ಇಲ್ಲಾ ಬಂಗಡೆನೆಲ್ಲಾ ನಿನ್ನ ಅಂಗಳಕ್ಕೇ ಒಗ್ದು ಹೋಗ್ಲೋ? ನಿನ್ನ ಹೆಂಡ್ತಿ ಒಣಗ್ಸಿ ಇಟ್ಕಳ್ಳಲಿ!”

ಹೊರಗೆ ಎಲ್ಲರೂ ನಕ್ಕರು. ನನಗೆ ಸಿಟ್ಟು ನೆತ್ತಿಗೇರಿತು. ಚಕ್ಕೆ ಸಿಕ್ಕಿಸಲಿಕ್ಕೆ ಜಾಗವಿಲ್ಲ. ಕಂಪ್ಯೂಟರಿನ ಪೆಟ್ಟಿಗೆ ತೆಗೆದು ಒತ್ತಡಮಾಪಕದ ತಂತಿ ಬಿಚ್ಚಿ, ಆ ಜಾಗಕ್ಕೆ ಐಸ್ ಕಟ್ಟುವ ತೊಟ್ಟಿಯ ಉಪ್ಪುನೀರಿನ ಉಷ್ಣಮಾಪಕದ ತಂತಿ ಕಟ್ಟಿದೆ. ಉಪ್ಪುನೀರು ಸದಾ ತಂಪು, ಅಂಕಿ ಸಣ್ಣದೇ ಬರುತ್ತದೆ, ಕಂಪ್ಯೂಟರಿಗೇನು ತಿಳಿಯುತ್ತದೆ ಎಂಬುದು ನನ್ನ ಜಾಣತನ. ಆದರೆ ಮಶಿನ್ ಈಗ ಚಾಲೂ ಆಗಲೇ ಇಲ್ಲ. ಒತ್ತಡ ಮಿತಿಯೊಳಗಿಲ್ಲ ಎಂದು ಪರದೆ ಕೆಂಪಾಗಿ ಕೂತಿತು.

ಪ್ರೋಗ್ರಾಮೇ ಹಾಳಾಗಿದೆ ಎಂದು ಮಾಲಕರಿಗೆ ಹೇಳಿದೆ. ಅವರು ಫೋನ್ ಮಾಡಿದ ಕೂಡಲೇ ಅಕ್ಕೋರು ಕಾರವಾರದಿಂದ ಓಡಿಬಂದರು. ಮಾಲಕರು ಎಲ್ಲರೆದುರೇ ಅವರ ಮೇಲೆ ಕೂಗಾಡಿದರು. “ಇದ್ನ ಕಿತ್ಕಂಡು ಹೋಗಿ. ಹಮ್ಮಣ್ಣಾ, ಕಂಪ್ಯೂಟರ್ ಬಿಟ್ಟು ಡೈರೆಕ್ಟ್ ಲೈನ್ ಕೊಡು!”

ಅಕ್ಕೋರು ಪೆಟ್ಟಿಗೆ ತೆಗೆದು ನೋಡಿದರು. ಆಮೇಲೆ ನನ್ನನ್ನು ನೋಡಿದರು.

“ಈ ತಂತಿ ಇಲ್ಲಿಗೆ ಹ್ಯಾಂಗೆ ಬಂತು ಹಮ್ಮಣ್ಣಾ? ಉಪ್ಪುನೀರಿನ ಉಷ್ಣ ಸೊನ್ನೆಗಿಂತ ಕೆಳಗೆ, ಕಂಪ್ಯೂಟರಿಗೆ ಅದು ಸೊನ್ನೆಗಿಂತ ಕೆಳಗಿನ ಒತ್ತಡ ಬಂದ ಹಾಂಗೆ ಕಾಣ್ತದೆ. ಅಂಥಾ ಒತ್ತಡ ಈ ಪೈಪಲ್ಲಿ ಇರೂದೇ ಇಲ್ಲ.”

“ನಂಗೆ ಗೊತ್ತಿಲ್ಲ” ಎಂದುಬಿಟ್ಟೆ.

ಅವರು ಪೆಟ್ಟಿಗೆ ಮುಚ್ಚಿದರು. “ಆಯ್ತು. ಡೈರೆಕ್ಟ್ ಕೊಡೂಕಿಂತ ಮುಂಚೆ ಹಿಂದೆ ಪೈಪಿನ ಮೇಲೆ ನೀರು ಬೀಳ್ತದ್ಯೋ, ಒಂದ್ಸಲ ನೋಡ್ಕಂಡು ಬನ್ನಿ. ಅಷ್ಟು ಮಾಡಿ.”

ಪರದೆಯ ಜೊತೆ ಜಗಳವಾಡುತ್ತ ನಾನು ಅದೊಂದನ್ನು ನೋಡಿರಲೇ ಇಲ್ಲ. ಹಿಂದೆ ಹೋದೆ. ನೀರು ಸುರಿಯುವ ತೂತುಗಳೆಲ್ಲ ಸುಣ್ಣ ಕಟ್ಟಿ ಮುಚ್ಚಿಹೋಗಿದ್ದವು. ಪೈಪುಗಳು ಒಣಗಿ ಕಾದಿದ್ದವು; ಒತ್ತಡ ನಿಜವಾಗಿಯೇ ಏರಿತ್ತು. ಅವುಗಳ ಕೆಳಗೇ ನಾಗಕ್ಕ ಬುಟ್ಟಿಗೆ ತಲೆಯಾನಿಸಿ, ಬಾಯಿ ತೆರೆದು ನಿದ್ದೆ ಹೋಗಿದ್ದಳು. ಉಳಿದವರು ಎಲೆ ಅಡಿಕೆ ಹಾಕುತ್ತ ಮಾತಾಡುತ್ತಿದ್ದರು.

ಓಡಿಬಂದು ಮಾಲಕರ ಎದುರು ಕೈಮುಗಿದೆ. “ಡೈರೆಕ್ಟ್ ಕೊಡೂದು ಬ್ಯಾಡ್ರಾ. ತಂತಿ ಬದ್ಲಿ ಮಾಡಿದವ ನಾನೇ. ಪ್ರೋಗ್ರಾಂ ಸರಿಯೇ ಇದೆ, ಅಕ್ಕೋರ ತಪ್ಪಿಲ್ಲ.”

ಮಾಲಕರ ಬಾಯಿಂದ ಬಂದದ್ದನ್ನು ಇಲ್ಲಿ ಬರೆಯಲಾರೆ. ಅಕ್ಕೋರು ನಡುವೆ ಬಂದು “ಬೈಯೂದು ಆಮೇಲೆ. ಮೊದ್ಲು ಹೆಂಗಸ್ರನ್ನ ಅಲ್ಲಿಂದ ಎಬ್ಸಿ” ಎಂದರು. ನಾನೇ ಹೋಗಿ ಎಬ್ಬಿಸಿದೆ.

“ಐಸೂ ಇಲ್ಲ, ಈಗ ನೆಳ್ಳೂ ಇಲ್ವೋ ನಿನ್ನ ಫ್ಯಾಕ್ಟ್ರೀಲಿ?” ಎಂದು ನಾಗಕ್ಕ ಗೊಣಗುತ್ತ ಬುಟ್ಟಿ ಎತ್ತಿದಳು. ನನಗೆ ಅಳು ಬಂತು. ಅವಳಿಗೆ ಯಾಕೆಂದು ಗೊತ್ತಾಗಲಿಲ್ಲ.

ಮರುದಿನ ಅಕ್ಕೋರೂ ಮತ್ತೆ ಬಂದಿದ್ದರು. ಮೆಕ್ಯಾನಿಕ್ ಪೈಪಿನ ಸುರಕ್ಷಾ ವಾಲ್ವ್ ಬಿಚ್ಚಿದ. ತುಕ್ಕು ಹಿಡಿದು ಅಂಟಿಹೋಗಿತ್ತು. ಒತ್ತಡ ಎಷ್ಟೇರಿದರೂ ಅದು ತೆರೆಯುತ್ತಿರಲಿಲ್ಲವಂತೆ, ಪೈಪೇ ಒಡೆದು ಆ ವಿಷಾನಿಲ ಕೆಳಗೆ ಕೂತವರ ಮೇಲೆ ನುಗ್ಗಬೇಕಿತ್ತು. ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಅಕ್ಕೋರು ಒಂದು ಲೋಟ ನೀರು ತಂದುಕೊಟ್ಟರು. ಗೊತ್ತಿಲ್ಲ ಎಂದು ಸುಳ್ಳು ಹೇಳಿದ್ದರ ಬಗ್ಗೆ ಅಂದೂ ಕೇಳಲಿಲ್ಲ, ಮುಂದೆಂದೂ ಕೇಳಲಿಲ್ಲ. ಅವರು ಮಾಲಕರಿಗೆ ಹೇಳಿದ್ದರಿಂದಲೇ ನನ್ನ ಕೆಲಸವೂ ಉಳಿಯಿತು.

ಆ ಭಾಷೆಯ ಒಂದು ಅಕ್ಷರವೂ ನನಗೆ ಬಾರದು. ಆದರೆ ಜನ ನನ್ನ ಮಾತು ಕೇಳದಿದ್ದಾಗ ಈಗ ಮೊದಲಿನಂತೆ ಸಿಟ್ಟು ಬರುವುದಿಲ್ಲ. ನಾಗಕ್ಕನಿಗೂ ವಯಸ್ಸಾಗಿದೆ, ಆದರೂ ಭಾವಿಕೇರಿಗೆ ಬುಟ್ಟಿ ಹೊತ್ತು ಬರುವುದು ಬಿಟ್ಟಿಲ್ಲ. ಬೆಳಿಗ್ಗೆ ಅಂಗಳದ ಬೇಲಿಯ ದಣಪೆಯ ಆಚೆಯಿಂದ “ಮೀನು ಬೇಕೇನಾ ಹಮ್ಮಣ್ಣಾ?” ಎಂದು ಅವಳು ಕೂಗುತ್ತಾಳೆ. ಬೇಕಿರಲಿ, ಬೇಡವಿರಲಿ, ಆ ಕೂಗು ಕೇಳಿದ ಮೇಲೆಯೇ ನನ್ನ ಎದೆ ಹಗುರಾಗುವುದು.